ಕ್ಯೂರಿಂಗ್ ಶೆಡ್ಡಿಗೆ ಬಸ್‌ಬಾರ್ ಟ್ರಂಕಿಂಗ್



ನಮ್ಮ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ಗ್ರೇಡರನ್ನು ಹತ್ತು ಅಡಿ ಸರಿಸಿದಾಗಲೆಲ್ಲ ಪ್ಯಾನೆಲಿನಿಂದ ಹೊಸ ಕೇಬಲ್ ಎಳೆದೆವು. ಹಳೆಯದನ್ನು ಯಾರೂ ತೆಗೆಯಲಿಲ್ಲ. ಈಗ ಆ ಕೇಬಲ್ ಟ್ರೇ ನೋಡಿದರೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ನೆನಪಾಗುತ್ತದೆ. ಫಸಲು ಮಾತ್ರ ಇಲ್ಲ.

ಆದ್ದರಿಂದ ಬಸ್‌ಬಾರ್ ಟ್ರಂಕಿಂಗ್ ಹಾಕಿಸುವ ಸೂಚನೆಗೆ ನನ್ನ ಸಮ್ಮತಿಯಿದೆ. ತಗಡಿನ ಉದ್ದನೆಯ ಕವಚದೊಳಗೆ ತಾಮ್ರದ ಇಲ್ಲವೆ ಅಲ್ಯುಮಿನಿಯಂ ಪಟ್ಟಿಗಳು. ಯಂತ್ರ ಇರುವಲ್ಲಿ ಟ್ಯಾಪ್-ಆಫ್ ಪೆಟ್ಟಿಗೆ ಸಿಕ್ಕಿಸಿದರಾಯಿತು. ಯಂತ್ರ ಸರಿದರೆ ಪೆಟ್ಟಿಗೆಯೂ ಸರಿಯುತ್ತದೆ.

ಆದರೆ ದರಪಟ್ಟಿಯಲ್ಲಿ ಕಾಣದ ಸಂಗತಿಯೆಂದರೆ ಜೋಡಣೆ. ತುಂಡುಗಳು ಸೇರುವಲ್ಲಿ ಬೋಲ್ಟು ಸಡಿಲವಾದರೆ ಅಲ್ಲೇ ಕಾವು. ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ಅದರ ಮೇಲೆ ಹಲ್ಲರಿನ ಹೊಟ್ಟಿನ ಧೂಳು, ಕೆಳಗೆ ಸದಸ್ಯರ ಮೂಟೆಗಳು! ಧೂಳಿಗೂ ಎರಚುವ ನೀರಿಗೂ ತಡೆಯಿರುವ ಐಪಿ 54ಕ್ಕಿಂತ ಕೆಳಗಿನದನ್ನು ನಾನಂತೂ ಒಪ್ಪಲಾರೆ.

ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿದು ಲೆಕ್ಕ ಬರೆದುಕೊಡಬೇಕು. ಮಳೆಗಾಲ ಕಳೆದು ಮೊದಲ ಸಲ ಚಾಲೂ ಮಾಡುವ ಮುನ್ನ ಮೆಗ್ಗರ್ ಪರೀಕ್ಷೆಯಾಗಬೇಕು. ಕಡಿಮೆ ದರದವರಿಗೇ ಕೊಡೋಣವೆಂದು ಸಭೆಯಲ್ಲಿ ವಾದಿಸಿದವರಿಗೆ ನನ್ನ ಪ್ರಶ್ನೆ: ಈ ಎರಡು ಕೆಲಸ ಆ ದರದಲ್ಲಿ ಸೇರಿವೆಯೆ? ಬರವಣಿಗೆಯಲ್ಲಿ ಉತ್ತರ ಬರುವತನಕ ಆದೇಶಕ್ಕೆ ನಾನು ಸಹಿ ಹಾಕುವುದಿಲ್ಲ.

— ಕಾರ್ಯದರ್ಶಿ