ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಹೊಸದಾಗುತ್ತದೆಯೇ?

ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತಿದೆ. ಹಳೆಯ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬಾರದು, ಗುಜರಿಗೆ ಹಾಕಿ ಹೊಸದು ತನ್ನಿ ಎನ್ನುವುದು ಒಂದು. ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಬಿಡಿ, ಅದೇ ಕಂಪ್ಯೂಟರ್ ಕುದುರೆಯಂತೆ ಓಡುತ್ತದೆ, ವೈರಸ್ ಹತ್ತಿರವೂ ಸುಳಿಯುವುದಿಲ್ಲ ಎನ್ನುವುದು ಇನ್ನೊಂದು. ಜೊತೆಗೆ ಕೆಳಗೊಂದು ಲಿಂಕ್.

ಮೊದಲನೆಯದು ತಪ್ಪು. ಎರಡನೆಯದು ಅರ್ಧ ನಿಜ. ಉಳಿದರ್ಧ ತಿಳಿಯದೆ ಕೈಹಾಕಿದರೆ ಮಕ್ಕಳ ಫೋಟೊಗಳಿಂದ ಹಿಡಿದು ಅಂಗಡಿಯ ಲೆಕ್ಕದವರೆಗೆ ಎಲ್ಲವೂ ಒಂದೇ ಕ್ಲಿಕ್ಕಿಗೆ ಅಳಿಸಿಹೋಗಬಹುದು.

ನಿಂತಿದ್ದು ಏನು?

2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ನಿಂತಿದ್ದು ಕಂಪ್ಯೂಟರ್ ಅಲ್ಲ, ತಿಂಗಳು ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು. ಮನೆ ಗಟ್ಟಿಯಾಗಿಯೇ ಇದೆ. ಆದರೆ ಬೀಗ ಮುರಿಯುವ ಹೊಸ ಉಪಾಯವನ್ನು ಕಳ್ಳರು ಕಂಡುಕೊಂಡರೆ ಬೀಗ ರಿಪೇರಿ ಮಾಡಿಕೊಡುವವರು ಇಲ್ಲ, ಅಷ್ಟೇ. ಅದಕ್ಕೂ ಸದ್ಯಕ್ಕೊಂದು ದಾರಿ ಇದೆ. ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿದೆ. ಅದರ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಇಟ್ಟರೆ ಹಣ ಕೊಡಬೇಕಾಗಿಲ್ಲ.

ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳಬಹುದಲ್ಲ ಎಂದು ಕೇಳಬಹುದು. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಇಲ್ಲವೇ ಅದಕ್ಕಿಂತ ಹೊಸ ಪ್ರೊಸೆಸರ್ ಅನ್ನೂ ಕೇಳುತ್ತದೆ. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಎಷ್ಟೇ ಚೆನ್ನಾಗಿದ್ದರೂ ಈ ಪಟ್ಟಿಯಲ್ಲಿ ಬರುವುದಿಲ್ಲ. ಲಿನಕ್ಸ್‌ನ ಮಾತು ಹುಟ್ಟುವುದು ಇಲ್ಲಿಂದ.

ನಿಧಾನವಾಗಲು ಕಾರಣ ಬೇರೆಯೇ ಇರಬಹುದು

ಲಿನಕ್ಸ್ ಹಾಕುವ ಮುಂಚೆ, ನಿಮ್ಮ ಕಂಪ್ಯೂಟರ್ ಯಾಕೆ ತೆವಳುತ್ತಿದೆ ಎಂದು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಏನೂ ಮಾಡದೆ ಕೂತಾಗಲೂ ‘ಡಿಸ್ಕ್’ ಕಾಲಂನಲ್ಲಿ ನೂರಕ್ಕೆ ನೂರು ತೋರಿಸುತ್ತಿದ್ದರೆ ತಪ್ಪು ಬಹುಪಾಲು ಹಾರ್ಡ್ ಡಿಸ್ಕಿನದು. ಲ್ಯಾಪ್‌ಟಾಪ್‌ನ ಹಳೆಯ ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಇರುತ್ತದೆ. ಅದರ ಮೇಲೆ ಗ್ರಾಮಫೋನ್ ಮುಳ್ಳಿನಂಥ ಒಂದು ತಲೆ ಅತ್ತಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ಚದುರಿಬಿದ್ದ ಮಾಹಿತಿಯಾದರೆ ಸೆಕೆಂಡಿಗೆ ಸುಮಾರು ನೂರು ಸಲ ಹುಡುಕಿಕೊಟ್ಟರೆ ಅದೇ ಹೆಚ್ಚು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಕೊಡುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವಿಂಡೋಸ್ ಇದ್ದರೂ ಕಂಪ್ಯೂಟರ್ ಚುರುಕಾಗುತ್ತದೆ, ಲಿನಕ್ಸ್ ಇದ್ದರೂ ಚುರುಕಾಗುತ್ತದೆ. ನನ್ನನ್ನು ಕೇಳಿದರೆ, ಖರ್ಚು ಮಾಡುವ ಮೊದಲ ರೂಪಾಯಿ ಇದಕ್ಕೇ ಹೋಗಬೇಕು.

‘ಮೆಮೊರಿ’ ಕಾಲಂ 90ರ ಆಚೆಗಿದ್ದರೆ ರ್‍ಯಾಮ್ ಸಾಲದು ಎಂದರ್ಥ. ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಇರುವ ಲಿನಕ್ಸ್ ತನಗಾಗಿ ಬಳಸುವ ರ್‍ಯಾಮ್ ಕಡಿಮೆ, ಹಾಗಾಗಿ 4 ಜಿಬಿಯ ಕಂಪ್ಯೂಟರ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಅವು ತಿನ್ನುವ ರ್‍ಯಾಮ್ ಎಲ್ಲಿ ಹೋದರೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಫ್ಯಾನ್ ಸದ್ದು ಮಾಡುತ್ತ ತಳ ಸುಡುತ್ತಿದ್ದರೆ ಒಳಗೆ ಧೂಳು ತುಂಬಿರಬಹುದು. ಧೂಳಿಗೆ ಯಾವ ಸಾಫ್ಟ್‌ವೇರೂ ಮದ್ದಲ್ಲ. (ಡೆಸ್ಕ್‌ಟಾಪ್ ಮೇಲೆ ನಾಲ್ಕಾರು ಸಲ ‘ರಿಫ್ರೆಶ್’ ಒತ್ತುವುದೂ ಅಲ್ಲ. ಅದು ಪರದೆಯ ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸುತ್ತದೆ, ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನೂ ಎಷ್ಟೋ ವರ್ಷ ಒತ್ತಿದವನೇ.)

ವೈರಸ್ ಬರುವುದೇ ಇಲ್ಲವೇ?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಇವತ್ತು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲೂ ಇದೆ. ಪಕ್ಕದ ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವರ್ಷಗಳಿಂದ ಇದೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಂತ್ರಾಂಶಗಳು ಒಂದು ನಂಬಿಕಸ್ಥ ಭಂಡಾರದಿಂದ ಬರುತ್ತವೆ, ಪಾಸ್‌ವರ್ಡ್ ಕೊಡದೆ ಯಾವ ಪ್ರೋಗ್ರಾಮೂ ವ್ಯವಸ್ಥೆಯ ಒಳಭಾಗವನ್ನು ಮುಟ್ಟುವಂತಿಲ್ಲ. ವಿಂಡೋಸ್‌ಗೆಂದು ಬರೆದ ವೈರಸ್ ಇಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಇವೆಲ್ಲ ನಿಜವಾದ ಅನುಕೂಲಗಳೇ.

ಆದರೆ ‘ಬರುವುದೇ ಇಲ್ಲ’ ಎನ್ನುವುದು ಸುಳ್ಳು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಿನಕ್ಸ್ ಇರುವ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದುಕೊಂಡಿತು. ಬಹುತೇಕ ಕಡೆ ಕಾರಣ ಇಷ್ಟೇ: ಕಂಪನಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. 2024ರ ಮಾರ್ಚ್‌ನಲ್ಲಿ ಬಯಲಾದ ಪ್ರಕರಣ ಇನ್ನೂ ಗಂಭೀರ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದ ತಂಡದೊಳಗೆ ಒಬ್ಬ ವ್ಯಕ್ತಿ ಎರಡು ವರ್ಷ ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳಬಾಗಿಲು ಇಟ್ಟಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು. ಅವರು ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟ್‌ನಲ್ಲಿ! ಮುಖ್ಯ ಲಿನಕ್ಸ್‌ಗಳಲ್ಲಿ ಅದು ತಲುಪಿದ್ದು ಹೆಚ್ಚಾಗಿ ಪರೀಕ್ಷಾ ಆವೃತ್ತಿಗಳಿಗೆ ಎಂಬುದೇ ಸಮಾಧಾನ.

ಫಾರ್ವರ್ಡ್ ನೋಡುವವರಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು 2016ರ ಫೆಬ್ರವರಿಯಲ್ಲಿ ನಡೆಯಿತು. ಲಿನಕ್ಸ್ ಮಿಂಟ್‌ನ ಅಧಿಕೃತ ಜಾಲತಾಣಕ್ಕೇ ನುಗ್ಗಿದ ಹ್ಯಾಕರ್‌ಗಳು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಕಳ್ಳಬಾಗಿಲಿರುವ ಪ್ರತಿಯನ್ನು ಜನರಿಗೆ ಕೊಟ್ಟರು. ಅಸಲಿ ತಾಣದ ಪಾಡೇ ಹೀಗಾದರೆ, ಯಾರೋ ಕಳಿಸಿದ ಲಿಂಕ್, ಟೆಲಿಗ್ರಾಂನಲ್ಲಿ ಸಿಗುವ ‘ಫುಲ್ ವರ್ಷನ್’ ಎಷ್ಟು ಭದ್ರ? ಲಿನಕ್ಸ್ ಹೇಗೂ ಉಚಿತ, ‘ಕ್ರ್ಯಾಕ್’ ಬೇಕಿಲ್ಲ. ವಿಳಾಸವನ್ನು ನೀವೇ ಟೈಪ್ ಮಾಡಿ ಅಧಿಕೃತ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಪರಿಶೀಲನಾ ಸಂಖ್ಯೆ ನಿಮ್ಮ ಫೈಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಅದೇ ರೀತಿ ‘ಟರ್ಮಿನಲ್‌ನಲ್ಲಿ ಈ ಸಾಲು ಹಾಕಿ, ವೇಗ ಹೆಚ್ಚುತ್ತದೆ’ ಎಂಬ ಸಲಹೆ ಬಂದು ಆ ಸಾಲು ‘ಸುಡೊ’ ಎಂದು ಶುರುವಾದರೆ ಕೈ ತಡೆಯಿರಿ. ಆ ಪದ ಹಾಕಿ ಪಾಸ್‌ವರ್ಡ್ ಕೊಟ್ಟರೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಒಂದೇ ಸಾಲಿನಲ್ಲಿ ಇಡೀ ಡಿಸ್ಕ್ ಅಳಿಸುವ ಆದೇಶಗಳೂ ಇವೆ.

ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ?

ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವ್‌ನಲ್ಲಿಟ್ಟದ್ದು ಭದ್ರ. ನನ್ನ ಸಂಬಂಧಿಕರೊಬ್ಬರು ಇದೇ ಧೈರ್ಯದ ಮೇಲೆ, ವಿಡಿಯೊ ನೋಡಿಕೊಂಡು ಲಿನಕ್ಸ್ ಹಾಕಲು ಕೂತರು. ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಬಂತು, ಒತ್ತಿದರು. ಡಿಸ್ಕ್ ಎಂದರೆ ಸಿ, ಡಿ ಎಲ್ಲ ಸೇರಿದ ಇಡೀ ಡಿಸ್ಕ್. ತಂಗಿಯ ಮದುವೆಯ ಫೋಟೊಗಳು ಹೋದವು. ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು, ಡಿಸ್ಕ್ ಕೆಟ್ಟರೂ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಎಂದರೆ ಕಂಪ್ಯೂಟರಿನ ಹೊರಗಿರುವ ಇನ್ನೊಂದು ಪ್ರತಿ.

ಇನ್ನೊಂದು ಅಪಾಯ ಬಿಟ್‌ಲಾಕರ್. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತೇ ಇಲ್ಲದೆ ಡಿಸ್ಕಿಗೆ ಈ ಬೀಗ ಬಿದ್ದಿರುತ್ತದೆ. ಲಿನಕ್ಸ್‌ಗಾಗಿ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದಿರೋ, ಮರುದಿನ ವಿಂಡೋಸ್ 48 ಅಂಕಿಗಳ ಕೀಲಿ ಕೇಳಬಹುದು. ಅದು ಬಹುತೇಕ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀಲಿ ಇಲ್ಲದಿದ್ದರೆ ರಿಪೇರಿಯವರೂ ಏನೂ ಮಾಡಲಾರರು.

ಒಳ್ಳೆಯ ಸುದ್ದಿ ಎಂದರೆ, ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಬಳಸಿ ನೋಡಬಹುದು. 8 ಜಿಬಿಯ ಪೆನ್‌ಡ್ರೈವ್‌ಗೆ (ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ) ರೂಫಸ್ ಅಥವಾ ಎಚರ್ ಬಳಸಿ ಲಿನಕ್ಸ್ ಬರೆಯಿರಿ. ಕಂಪ್ಯೂಟರ್ ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಕೆಲವದರಲ್ಲಿ ಅದು ಎಫ್12, ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್. ‘ಟ್ರೈ’ ಎಂಬ ಆಯ್ಕೆಯಲ್ಲೇ ಒಂದು ಸಂಜೆ ಕಳೆಯಿರಿ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ ತೆರೆಯುತ್ತದೆಯೇ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರಗೊಳ್ಳುತ್ತದೆಯೇ, ಪ್ರಿಂಟರ್ ಕಾಗದ ಉಗುಳುತ್ತದೆಯೇ ನೋಡಿ. ಪೆನ್‌ಡ್ರೈವ್‌ನಿಂದ ಓಡುವುದರಿಂದ ತುಸು ನಿಧಾನ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೈಕೊಡುವುದು ಹೆಚ್ಚಾಗಿ ವೈಫೈ. ಕೆಲವು ವೈಫೈ ಚಿಪ್‌ಗಳಿಗೆ ಅವುಗಳ ಕಂಪನಿಯೇ ಕೊಡುವ, ಮುಕ್ತವಲ್ಲದ ಫರ್ಮ್‌ವೇರ್ ಬೇಕು. ತತ್ವಕ್ಕೆ ಕಟ್ಟುಬಿದ್ದು ಅದನ್ನು ಬಹುಕಾಲ ಹೊರಗಿಟ್ಟಿದ್ದ ಡೆಬಿಯನ್ ಕೂಡ 2023ರ 12ನೇ ಆವೃತ್ತಿಯಿಂದ ತನ್ನ ಅಧಿಕೃತ ಪ್ರತಿಯಲ್ಲೇ ಸೇರಿಸುತ್ತಿದೆ. ಆದರೂ ವೈಫೈ ಕಾಣಿಸದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಬಹುಪಾಲು ತಕ್ಷಣ ಇಂಟರ್‌ನೆಟ್ ಬರುತ್ತದೆ. ಆಮೇಲೆ ಉಬುಂಟು, ಮಿಂಟ್‌ಗಳಲ್ಲಿರುವ ಡ್ರೈವರ್ ಆ್ಯಪ್ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ.

ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರನ್ನು ಕಾಡುವ ಒಂದು ವಿಚಿತ್ರ ಇದೆ. ವಿಂಡೋಸ್‌ಗೆ ಬಂದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಭೂತವೂ ಅಲ್ಲ, ವೈರಸ್ಸೂ ಅಲ್ಲ. ಕಂಪ್ಯೂಟರಿನ ಒಳಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಬರೆಯುವಂತೆ ಲಿನಕ್ಸ್‌ನ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ. ಅದರ ಬದಲು ಕಂಪ್ಯೂಟರ್ ಆಫ್ ಮಾಡಿದಾಗಲೆಲ್ಲ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಹೋಗಿ, ಜಾಲತಾಣಗಳು ‘ಸಂಪರ್ಕ ಸುರಕ್ಷಿತವಲ್ಲ’ ಎನ್ನತೊಡಗಿದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಮುಗಿದಿದೆ. ಹೆಚ್ಚಾಗಿ ಅದು ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಯಾರಿಗೆ ಬೇಡ?

ಟ್ಯಾಲಿಯಲ್ಲೇ ದಿನದ ವ್ಯವಹಾರ ನಡೆಸುವವರಿಗೆ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಅರ್ಜಿ ಸಲ್ಲಿಸುವವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ಓದು, ಬರಹ, ಬ್ರೌಸಿಂಗ್, ಆನ್‌ಲೈನ್ ಪಾಠಕ್ಕೆ ಧಾರಾಳವಾಗಿ ಸಾಕು. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರದಲ್ಲಿ ಸಿಗುತ್ತವೆ.

ತೊಡಕು ಬರುವುದು ಹಳೆಯ ನುಡಿ, ಬರಹ ಫೈಲುಗಳಲ್ಲಿ. ಯುನಿಕೋಡ್‌ಗೆ ಮುಂಚಿನ ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಕಡತಗಳು ನಿಮ್ಮಲ್ಲಿದ್ದರೆ, ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಕಣ್ಣಾಡಿಸಿ, ಆಮೇಲೆ ಪೆನ್‌ಡ್ರೈವ್ ಕೈಗೆತ್ತಿಕೊಳ್ಳಿ.