ಪರದೇಶದ ವ್ರತ

ಮಗನನ್ನು ನೋಡಲು ಸಾಗರದಿಂದ ಕುವೈತಿಗೆ ಹೋಗಿದ್ದ ನಮಗೆ ಅಲ್ಲಿ ರಂಜಾನ್ ಮಾಸವು ಎದುರಾಯಿತು. ಆ ತಿಂಗಳು ಹಗಲಿನಲ್ಲಿ ಹತ್ತು ಜನರೆದುರು ಉಣ್ಣುವುದೂ ನೀರು ಕುಡಿಯುವುದೂ 1968ರ ಕಾಯಿದೆಯಂತೆ ಅಪರಾಧ. 100 ದಿನಾರಿನವರೆಗೆ ದಂಡ, ಒಂದು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಅನ್ಯಮತೀಯರಿಗೂ ಇದರಿಂದ ಬಿಡುಗಡೆಯಿಲ್ಲ; ಮನೆಯೊಳಗೆ ಮಾತ್ರ ಅಡ್ಡಿಯಿಲ್ಲ.

ಒಂದು ಮಧ್ಯಾಹ್ನ ಬೀದಿಯಲ್ಲಿ ಬಾಯಾರಿ ನಿಂತೆವು. ನಮ್ಮ ಕಾರು ನಡೆಸುತ್ತಿದ್ದ ತೀರ್ಥಹಳ್ಳಿಯ ಮುಸಲ್ಮಾನ ತರುಣನು, “ಮೇಷ್ಟ್ರೇ, ಸ್ವಲ್ಪ ತಾಳಿ” ಎಂದು ತನ್ನ ಕೋಣೆಗೆ ಕರೆದೊಯ್ದು, ಬಾಗಿಲು ಮುಚ್ಚಿ, ತಣ್ಣೀರನ್ನು ತಾನೇ ಬಗ್ಗಿಸಿ ಕೊಟ್ಟನು. ಬೆಳಗಿನ ಜಾವದಿಂದ ಅವನ ನಾಲಗೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಲೋಟವನ್ನು ಹಿಡಿದ ನಮ್ಮ ಕೈ ನಾಚಿತು.

ದಂಡದ ಭಯದಿಂದ ನಡೆಯುವುದು ವ್ರತವಲ್ಲವೆಂಬುದೇ ಇಂದಿಗೂ ನಮ್ಮ ಮತ. ಆದರೆ ಆ ತರುಣನ ಉಪವಾಸವು ಕಾಯಿದೆಯದಲ್ಲ. ಅವನ ಔದಾರ್ಯವಂತೂ ಯಾವ ಕಾಯಿದೆಯಲ್ಲಿಯೂ ಇಲ್ಲ. ಏಕಾದಶಿಯ ನಿರಾಹಾರವನ್ನು ನಾವು ಬಲ್ಲೆವು. ಸಾಗರದಲ್ಲಿ ನೆರೆಮನೆಯವರು ತಿಂಗಳಿಡೀ ನೀರೂ ಇಲ್ಲದೆ ಹಗಲು ಕಳೆಯುವುದನ್ನು ಮಾತ್ರ ನಾಲ್ವತ್ತು ವರ್ಷ ಕಂಡೂ ವಿಚಾರಿಸಿದವರಲ್ಲ.

ಈಗ ಊರಿಗೆ ಮರಳಿದ್ದೇವೆ. ಮುಂದಿನ ರಂಜಾನಿನಲ್ಲಿ, ಹೊತ್ತು ಮುಳುಗುವ ಮುನ್ನ, ಒಂದು ಹಿಡಿ ಖರ್ಜೂರದೊಡನೆ ಆ ಬಾಗಿಲನ್ನು ತಟ್ಟಬೇಕೆಂದಿದ್ದೇವೆ. ವಾಚಕರೂ ತಮ್ಮ ನೆರೆಯನ್ನೊಮ್ಮೆ ವಿಚಾರಿಸಿಕೊಳ್ಳಲಿ.