ಪಾಚಿಗೂ ಒಂದು ಹೆಸರು ಬೇಕೆ?



ನೀರಿನ ತೊಟ್ಟಿಯನ್ನು ಕೆಲವು ದಿನ ತೊಳೆಯದೆ ಬಿಟ್ಟರೆ ಗೋಡೆಗೆ ಹಸಿರು ಲೋಳೆ ಅಂಟಿಕೊಳ್ಳುತ್ತದೆ. ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಿಂದ ಹಡಗಲಿಯವರೆಗೆ ಕೆರೆಯ ದಂಡೆಯಲ್ಲಿ, ಗದ್ದೆಯ ನೀರಿನಲ್ಲಿ, ಮಸೀದಿಯ ಹೌಜಿನ ಅಂಚಿನಲ್ಲಿ ಕಾಣುವ ಇದನ್ನೆಲ್ಲ ನಾವು 'ಪಾಚಿ' ಎಂದು ಒಂದೇ ಹೆಸರಿನಿಂದ ಕರೆದು, ತಿಕ್ಕಿ ಚೆಲ್ಲುತ್ತೇವೆ. ಆದರೆ ಆ ಲೋಳೆಯಲ್ಲಿ ಹಲವು ಬಗೆಯ ಜೀವಿಗಳಿರುತ್ತವೆ. ಅವುಗಳಲ್ಲಿ ಒಂದು ಗುಂಪು ಸಯನೋಬ್ಯಾಕ್ಟೀರಿಯಾ. ಇದಕ್ಕೆ ನೀಲಿ-ಹಸಿರು ಪಾಚಿ ಎಂಬ ಹೆಸರಿದ್ದರೂ ನಿಜವಾಗಿ ಇದು ಬ್ಯಾಕ್ಟೀರಿಯಾ. ಗಿಡಗಳಂತೆ ಬಿಸಿಲಿನ ಸಹಾಯದಿಂದ ತನ್ನ ಆಹಾರ ತಾನೇ ತಯಾರಿಸುತ್ತದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇವುಗಳಿಂದಲೇ.

ಇವನ್ನು ಒಂದೊಂದಾಗಿ ಗುರುತಿಸಿ ಹೆಸರಿಡುವುದರಿಂದ ನಮಗೇನು ಲಾಭ ಎಂದು ನೀವು ಕೇಳಬಹುದು.

1939ರಲ್ಲಿ ಪಿ.ಕೆ. ಡೇ ಎಂಬ ವಿಜ್ಞಾನಿ, ಭತ್ತದ ಗದ್ದೆಯಲ್ಲಿ ಬೆಳೆಯುವ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ ಎಂದು ತೋರಿಸಿದರು. ಹೀಗೆ ಒಂದು ಬಗೆ ಗೊಬ್ಬರವಾಯಿತು. ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುವ ಸ್ಪಿರುಲಿನಾ ಇನ್ನೊಂದು ಬಗೆ, ಅದು ಆಹಾರ. ಅದನ್ನು ಬೆಳೆಸುವ ಕುರಿತು ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಹಲವು ವರ್ಷ ಸಂಶೋಧನೆ ನಡೆಸಿದೆ.

ಮೂರನೆಯದು ವಿಷ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದ ಡಯಾಲಿಸಿಸ್ ಕೇಂದ್ರಕ್ಕೆ ಬಂದ ನೀರಿನಲ್ಲಿ ಈ ಗುಂಪಿನ ವಿಷ ಸೇರಿ 50ಕ್ಕೂ ಹೆಚ್ಚು ರೋಗಿಗಳು ಪ್ರಾಣ ಕಳೆದುಕೊಂಡರು. ಮೈಕ್ರೋಸಿಸ್ಟಿಸ್ ಎಂಬ ಬಗೆಯಲ್ಲಂತೂ ವಿಷ ತಯಾರಿಸುವವೂ ತಯಾರಿಸದವೂ ನೋಡಲು ಒಂದೇ ತರಹ. ಕಣ್ಣಿಗೆ ಎಲ್ಲವೂ ಹಸಿರೇ. ಆದ್ದರಿಂದಲೇ ನೀರಿನಲ್ಲಿ ಇರುವುದು ಯಾವುದು ಎಂದು ಖಚಿತವಾಗಿ ತಿಳಿಯಬೇಕಾಗುತ್ತದೆ.

ಅದು ಸುಲಭದ ಕೆಲಸವಲ್ಲ. ಹಿಂದೆ ಸೂಕ್ಷ್ಮದರ್ಶಕದಲ್ಲಿ ಆಕಾರ ನೋಡಿ ಹೆಸರಿಡುತ್ತಿದ್ದರು. ಯುರೋಪಿನ ತಂಪು ದೇಶಗಳ ಪಾಚಿಗೆ ಕೊಟ್ಟ ಹೆಸರನ್ನೇ ನಮ್ಮಂಥ ಬಿಸಿ ನಾಡಿನ ಪಾಚಿಗೂ ಎಷ್ಟೋ ಸಲ ಅಂಟಿಸಿದ್ದುಂಟು. ಮದ್ರಾಸಿನ ಟಿ.ವಿ. ದೇಶಿಕಾಚಾರಿ ಅವರು 1959ರಲ್ಲಿ 'ಸಯನೋಫೈಟಾ' ಎಂಬ ದೊಡ್ಡ ಗ್ರಂಥ ಬರೆದು ಈ ಜೀವಿಗಳ ವಿವರಗಳನ್ನು ಒಂದೆಡೆ ತಂದರು. ಈಗ ಆಕಾರದ ಜೊತೆಗೆ ಜೀನನ್ನೂ ಓದುತ್ತಾರೆ. ಒಂದೇ ಬಗೆಯನ್ನು ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅದರ ಜೀನನ್ನು ಈವರೆಗೆ ತಿಳಿದಿರುವವುಗಳ ಜೊತೆ ಹೋಲಿಸುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಅದು ಹೊಸದು. ಹೀಗೆಯೇ 2019ರಲ್ಲಿ ಭಾರತೀಯ ಸಂಶೋಧಕರು ಒಂದು ಹೊಸ ಕುಲವನ್ನು ಗುರುತಿಸಿ, ಅದಕ್ಕೆ ಆ ಹಿರಿಯರ ನೆನಪಿನಲ್ಲಿ 'ದೇಶಿಕಾಚಾರ್ಯ' ಎಂದು ಹೆಸರಿಟ್ಟರು. ಅದುವರೆಗೆ ನಾಸ್ಟಾಕ್ ಎಂದು ಕರೆಯುತ್ತಿದ್ದ ಒಂದು ಜಾತಿಯೂ ಈ ಹೊಸ ಕುಲಕ್ಕೆ ಸೇರಿತು.

ತುಂಗಭದ್ರಾ ಜಲಾಶಯದ ನೀರು ಹಸಿರುಗಟ್ಟಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೊಲದ ಗೊಬ್ಬರ, ಚರಂಡಿಯ ನೀರು ಬಂದು ಸೇರಿ, ನೀರು ನಿಂತು, ಬಿಸಿಲು ಏರಿದಾಗ ಇಂಥ ಪಾಚಿ ಹುಲುಸಾಗಿ ಬೆಳೆಯುತ್ತದೆ. ಆದ್ದರಿಂದ ಒಂದೆರಡು ಮಾತು ನೆನಪಿಡಿ. ಹಸಿರು ಕೆನೆ ಕಟ್ಟಿದ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ದನಕರುಗಳಿಗೆ ಕುಡಿಸಬೇಡಿ, ಮಕ್ಕಳನ್ನು ಅದರಲ್ಲಿ ಈಜಲು ಬಿಡಬೇಡಿ. ಕುದಿಸಿದರೆ ಸಾಕು ಎಂದುಕೊಳ್ಳುವುದೂ ತಪ್ಪು, ಕುದಿಸಿದರೂ ಈ ವಿಷ ಹೋಗುವುದಿಲ್ಲ. ಕುಡಿಯುವ ನೀರಿನ ತೊಟ್ಟಿಗೆ ಮುಚ್ಚಳವಿರಲಿ, ಬಿಸಿಲು ಬೀಳದಿದ್ದರೆ ಪಾಚಿ ಬೆಳೆಯದು.

ಇನ್ನೂ ಒಂದು ಮಾತು. ಬಿಸಿ ನಾಡಿನ ಕೆರೆ, ಗದ್ದೆ, ಬಂಡೆಗಳ ಮೇಲೆ ಹೆಸರಿಲ್ಲದ ಬಗೆಗಳು ಇನ್ನೂ ಬೇಕಾದಷ್ಟಿವೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದಬೇಕೆನ್ನುವ ಮಗಳು ನಿಮ್ಮ ಮನೆಯಲ್ಲಿದ್ದರೆ, "ಪಾಚಿ ನೋಡಿ ಏನು ಬಂತು?" ಎಂದು ತಡೆಯಬೇಡಿ. ನಮ್ಮೂರ ಕೆರೆಯ ನೀರು ಮಕ್ಕಳಿಗೆ ಕೊಡಬಹುದೋ ಇಲ್ಲವೋ ಎಂದು ನಾಳೆ ಆಕೆಯೇ ಪರೀಕ್ಷಿಸಿ ಹೇಳಬಲ್ಲಳು.